ಅಕ್ಕನ ತೊಟ್ಟಿಗೆ ತಮ್ಮನ ದೀಪ

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಇರೋದು ಎರಡೇ ಅಂಗಡಿ. ಮೆಟ್ಟಿಲು ಹತ್ತಿ ಬಂದರೆ ಎಡಕ್ಕೆ ನನ್ನ ಜೆರಾಕ್ಸ್ ಅಂಗಡಿ, ಬಲಕ್ಕೆ ಫೋಟೋ ಸ್ಟುಡಿಯೋ. ಅರ್ಜಿ ಹಾಕುವವರಿಗೆ ಎರಡೂ ಬೇಕಾಗುತ್ತದೆ. ಹಾಗಾಗಿ ಆ ಸ್ಟುಡಿಯೋದ ಮಾಲೀಕರ ಮುಖವನ್ನು ನಾನು ನನ್ನ ಗಂಡನ ಮುಖಕ್ಕಿಂತ ಹೆಚ್ಚು ನೋಡಿದ್ದೇನೆ. ಅದೇನು ನಾನು ಬೇಡಿಕೊಂಡು ಪಡೆದದ್ದಲ್ಲ.

ಎದುರಿಗೆ ಎಲ್ಲರೂ ಅವರನ್ನು ‘ಸಾಹೇಬರೇ’ ಅನ್ನುತ್ತಾರೆ. ಮೆಟ್ಟಿಲಿಳಿದ ಮೇಲೆ ಸುಣ್ಣದ ಸಾಹೇಬರು. ಅವರ ಕೈಗೆ ಸಿಕ್ಕ ಯಾವ ಮುಖವೂ ತನ್ನ ಬಣ್ಣದಲ್ಲಿ ಹೊರಗೆ ಬರುವುದಿಲ್ಲ. ನಾಲ್ಕೂ ದಿಕ್ಕಿನಿಂದ ದೀಪ ಹಾಕಿ, ಆಮೇಲೆ ಕಂಪ್ಯೂಟರಿನಲ್ಲಿ ಇನ್ನೊಂದು ಕೈ ಬಳಿದು, ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಯಿತು ಅಂತ ಹೆತ್ತ ತಾಯಿಗೂ ಗೊತ್ತಾಗದ ಹಾಗೆ ಮಾಡಿ ಕೊಡುತ್ತಾರೆ. ಒಂದು ಸಲ ಇಟ್ಟಿಗೆ ಕೆಲಸದ ಮೇಸ್ತ್ರಿ ತನ್ನ ಫೋಟೋ ನೋಡಿ, “ಇದು ಯಾರದೋ ಬೇರೆಯವರದು, ನಂದು ಕೊಡಿ” ಅಂತ ಕೌಂಟರಿನಲ್ಲೇ ನಿಂತುಬಿಟ್ಟಿದ್ದ. ಸಾಹೇಬರು ತಲೆ ಕೂಡ ಎತ್ತಲಿಲ್ಲ. “ನೀನು ಹೀಗೆ ಕಾಣಬೇಕು ಕಣಯ್ಯ. ಕಾಣ್ತಾ ಇಲ್ಲ ಅಂದ್ರೆ ಅದು ನಿನ್ನ ತಪ್ಪು,” ಅಂದರು.

ಬೆಳಕಿನ ವಿಷಯ ಬಂದರೆ ಅವರ ಮಾತು ನಿಲ್ಲಿಸುವವರಿಲ್ಲ. ನನ್ನ ಅಂಗಡಿಯ ಟ್ಯೂಬ್‌ಲೈಟ್ ನೋಡಿ ಮೂಗು ಮುರಿಯುತ್ತಾರೆ. ಕೆಳಗಿನ ಚಪ್ಪಲಿ ಅಂಗಡಿಯ ಬಲ್ಬ್ ನೋಡಿ “ಸತ್ತವರ ಮನೆ” ಅನ್ನುತ್ತಾರೆ. ಮಧ್ಯಾಹ್ನದ ಸೂರ್ಯನಲ್ಲೂ ಒಂದು ಕೊರತೆ ಹುಡುಕಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅವರ ಹೆಂಡತಿ ಕೌಂಟರಿನ ಹಿಂದೆ ಕೂತು ಫೋಟೋ ಕತ್ತರಿಸುತ್ತಾ, “ರೀ, ಬಾಯಿ ಒಣಗುತ್ತೆ, ನೀರು ಕುಡೀರಿ,” ಅನ್ನುತ್ತಾರೆ. ಗಂಡನ ಬಗ್ಗೆ ಆಕೆಗೆ ಇರುವ ಅಭಿಪ್ರಾಯವೆಲ್ಲ ಆ ಕತ್ತರಿಯ ಸದ್ದಿನಲ್ಲೇ ಇರುತ್ತದೆ.

ಇಂಥವರ ಕೈಗೆ ಅವರ ಅಕ್ಕ ತಮ್ಮ ಅಕ್ವೇರಿಯಂ ಒಪ್ಪಿಸಿದರು. ನನ್ನ ಕೇಳಿದ್ದರೆ, ಕೆಳಗಿನ ಚಪ್ಪಲಿ ಅಂಗಡಿಯವನಿಗೆ ಕೊಡಿ ಅನ್ನುತ್ತಿದ್ದೆ.

ಅಕ್ಕ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಮುದ್ರೆ ಒತ್ತಿ ಒತ್ತಿ, ಮೇಜಿನ ಮೇಲೆ ಲೋಟ ಇಟ್ಟರೂ ಠಪ್ಪನೆ ಸದ್ದಾಗುತ್ತದೆ. ಮಂಡಿ ನೋವು ಜಾಸ್ತಿಯಾಗಿ ಮಗಳ ಮನೆಗೆ ಹೋಗಿ ಇರುವುದು ಅಂತಾಯಿತು. ಅಲ್ಲಿ ಜಾಗ ಚಿಕ್ಕದು. ಮೊದಲು ಒಂದು ಕಡೆ ನೆಲೆ ನಿಲ್ಲಲಿ, ಆಮೇಲೆ ನೋಡೋಣ ಅಂತ, ಮೊಣಕೈ ಉದ್ದದ ಆ ಗಾಜಿನ ತೊಟ್ಟಿಯನ್ನು ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಮ್ಮನ ಸ್ಟುಡಿಯೋಗೆ ತಂದರು. ಮೀನು ಬೇರೆ ಕವರಿನಲ್ಲಿ, ಗಿಡ ಅಂಟಿದ ಕಲ್ಲು ಬೇರೆ ಡಬ್ಬಿಯಲ್ಲಿ.

ತೊಟ್ಟಿಯನ್ನು ಗಿರಾಕಿಗಳು ಕಾಯುವ ಜಾಗದಲ್ಲಿ ಇಟ್ಟರು. ನೀರು ತಿಳಿಯಾದ ಮೇಲೆ ನಾನೂ ಹೋಗಿ ನೋಡಿದೆ. ಕಿತ್ತಳೆ ಬಾಲದ ಗಪ್ಪಿ ಮೀನುಗಳು. ಕಲ್ಲಿಗೆ ಬೇರು ಹಬ್ಬಿಸಿಕೊಂಡ ದಪ್ಪ ಎಲೆಯ ಗಿಡ, ಅದರ ಬುಡದಲ್ಲಿ ಬೆಕ್ಕಿನ ಮೈಯಂತೆ ಮೆತ್ತಗಿರುವ ಹಸಿರು. ಮೇಲೆ, ಕತ್ತು ಬಗ್ಗಿದ, ಬಣ್ಣ ಹೋದ ಒಂದು ಹಳೇ ಮೇಜಿನ ದೀಪ. ಅದು ಬೀರುವ ಹಳದಿ ಬೆಳಕಿನಲ್ಲಿ ಎಲೆಗಳ ನೆರಳು ತಳದ ಮರಳಿನ ಮೇಲೆ ಬಿದ್ದು, ಮೀನು ಹೋದಾಗಲೆಲ್ಲ ಅಲುಗಾಡುತ್ತಿತ್ತು. ನಿಜ ಹೇಳಬೇಕೆಂದರೆ ಆ ಕಟ್ಟಡದಲ್ಲಿ ನೋಡಬಹುದಾದ ವಸ್ತು ಅದೊಂದೇ.

“ಬೆಳಗ್ಗೆ ಬಂದಾಗ ದೀಪ ಹಾಕು, ಊಟಕ್ಕೆ ಎದ್ದಾಗ ಆರಿಸು,” ಅಂದರು ಅಕ್ಕ. “ಬೇರೇನೂ ಮಾಡಬೇಡ ಕಣೋ. ನಿನ್ನ ಕೈ ಸುಮ್ಮನಿರಲ್ಲ, ಅದಕ್ಕೇ ಹೇಳ್ತಿದ್ದೀನಿ.”

“ಅಕ್ಕಾ, ಬೆಳಕಿನ ವಿಷಯ ನನಗೆ ಹೇಳ್ತೀಯಾ?”

“ಹೌದು, ನಿನಗೇ ಹೇಳ್ತಿರೋದು.”

ಅಕ್ಕ ಮೆಟ್ಟಿಲಿಳಿದರು. ಅವರ ಟ್ಯಾಕ್ಸಿ ಇನ್ನೂ ತಿರುವು ದಾಟಿರಲಿಲ್ಲ. ಸಾಹೇಬರು ಆ ಮೇಜಿನ ದೀಪವನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ ಬೀರುವಿನ ಮೇಲೆ ಎಸೆದರು. ಮುಖದ ಫೋಟೋ ತೆಗೆಯಲು ಬಳಸುವ ದೊಡ್ಡ ಸ್ಟ್ಯಾಂಡ್ ಲೈಟನ್ನು ಎಳೆದು ತಂದು ತೊಟ್ಟಿಯ ನೆತ್ತಿಯ ಮೇಲೆ ನಿಲ್ಲಿಸಿದರು. ಮೀನುಗಳೆಲ್ಲ ಒಟ್ಟಿಗೆ ತಳಕ್ಕೆ ಇಳಿದವು.

“ನೋಡಿ ಮೇಡಂ, ಈಗ ಜೀವ ಬಂತು!” ಅಂದರು ನನಗೆ.

ಸಂಜೆಯ ಹೊತ್ತಿಗೆ ನೀರು ಬೆಚ್ಚಗಾಗಿ, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಹೆಂಡತಿ ನೀರಿಗೆ ಬೆರಳು ಅದ್ದಿ ನೋಡಿ, ಪ್ಲಗ್ ಕಿತ್ತರು. “ರೀ, ಮೀನನ್ನ ಸಾಕ್ತಿದ್ದೀರೋ ಬೇಯಿಸ್ತಿದ್ದೀರೋ? ಮೊದಲೇ ಹೇಳಿದ್ರೆ ಒಗ್ಗರಣೆ ಇಡ್ತೀನಿ.”

ಇಷ್ಟಕ್ಕೆ ಬುದ್ಧಿ ಬಂದು ಹಳೇ ದೀಪ ಇಳಿಸಬಹುದಿತ್ತು. ಅವರು ಅದನ್ನು ಮಾಡಲಿಲ್ಲ. ಸಾಹೇಬರ ಪ್ರಕಾರ ತಪ್ಪು ಬಿಸಿಯದು, ಬೆಳಕಿನದಲ್ಲ. ಬಿಸಿಯಾಗದ ದೊಡ್ಡ ದೀಪ ತರಬೇಕು, ಅಷ್ಟೇ.

ಮರುದಿನ ನನಗೆ ಟೋನರ್ ತರುವ ಕೆಲಸವಿತ್ತು. ಸಾಕುವ ಮೀನು, ತೊಟ್ಟಿಯ ದೀಪ ಮಾರುವ ಅಂಗಡಿಯೂ ಅದೇ ಬೀದಿಯಲ್ಲಿ. ಹಾಗಾಗಿ ದಾರಿಯುದ್ದಕ್ಕೂ ಅವರ ಉಪನ್ಯಾಸ ಕೇಳುವ ಭಾಗ್ಯ ನನ್ನದಾಯಿತು. ಅಂಗಡಿಯವನು ಬನಿಯನ್ ಹಾಕಿಕೊಂಡು, ಒಂದು ತೊಟ್ಟಿಯಿಂದ ಇನ್ನೊಂದು ತೊಟ್ಟಿಗೆ ಪೈಪಿನಲ್ಲಿ ನೀರು ಬಿಡುತ್ತಾ ನಿಂತಿದ್ದ. ಮೊದಲಿಗೆ ಪಾಪ ಸರಿಯಾಗಿಯೇ ಕೇಳಿದ.

“ಸಾರ್, ತೊಟ್ಟಿ ಎಷ್ಟು ದೊಡ್ಡದು?”

“ಇಷ್ಟು,” ಅಂತ ಸಾಹೇಬರು ಮೊಣಕೈ ತೋರಿಸಿದರು.

“ಏನು ಗಿಡ ಇದೆ?”

“ಹಸಿರು ಗಿಡ.”

“ಎಲ್ಲಾ ಗಿಡವೂ ಹಸಿರೇ ಸಾರ್. ಕಲ್ಲಿಗೆ ಅಂಟಿರೋ ದಪ್ಪ ಎಲೆಯದಾ? ಅದಾದ್ರೆ ನಿಧಾನ ಬೆಳೆಯೋ ಜಾತಿ, ಅದಕ್ಕೆ ಬೆಳಕು ಜಾಸ್ತಿ ಬೇಡ. ಈ ಸಣ್ಣ ದೀಪದ ಪಟ್ಟಿ ಸಾಕು. ಕಿಟಕಿ ಪಕ್ಕ ಇಡಬೇಡಿ, ದಿನಾಪೂರ್ತಿ ಉರಿಸಬೇಡಿ. ಬೆಳಕು ಹೆಚ್ಚಾದ್ರೆ ಗಿಡ ತಿನ್ನಲ್ಲ, ಪಾಚಿ ತಿನ್ನುತ್ತೆ.”

ಸಾಹೇಬರು ಆ ಸಣ್ಣ ಪಟ್ಟಿಯನ್ನು ಕೈಯಲ್ಲಿ ತೂಗಿ ನಕ್ಕರು. “ಇದು ಫ್ರಿಜ್ಜಿನ ಒಳಗೆ ಹಾಕೋ ಬಲ್ಬಪ್ಪಾ. ನೀನು ಯಾರ ಹತ್ತಿರ ಮಾತಾಡ್ತಿದ್ದೀಯ ಗೊತ್ತಾ? ಹುಟ್ಟಿದಾಗಿಂದ ಬೆಳಕಿನಲ್ಲೇ ಕೆಲಸ ಮಾಡಿರೋನು ನಾನು.”

ಅಂಗಡಿಯವನು ಪೈಪನ್ನು ಕೆಳಗಿಟ್ಟ. ಅವನ ಮುಖ ಬದಲಾದದ್ದು ನನಗೆ ಕಂಡಿತು, ಸಾಹೇಬರಿಗೆ ಕಾಣಲಿಲ್ಲ. ಇಷ್ಟು ಹೊತ್ತು ಅವನು ಒಬ್ಬ ಮನುಷ್ಯನ ಹತ್ತಿರ ಮಾತಾಡುತ್ತಿದ್ದ. ಈಗ ಎದುರಿಗೆ ನಿಂತದ್ದು ಬರೀ ಒಂದು ಪರ್ಸು.

“ಅಯ್ಯೋ, ಮೊದಲೇ ಹೇಳಬಾರದಾ ಸಾರ್! ತಿಳಿದವರಿಗೆ ಅಂತ ಬೇರೆಯದೇ ಇಟ್ಟಿರ್ತೀನಿ,” ಅಂತ ಅಟ್ಟ ಹತ್ತಿ, ಧೂಳು ಹಿಡಿದ ಒಂದು ಉದ್ದನೆ ಡಬ್ಬಿ ಇಳಿಸಿದ. ಹೋಟೆಲ್ಲಿನ ಬಾಗಿಲಲ್ಲಿ ಆಳೆತ್ತರ ನಿಲ್ಲಿಸುತ್ತಾರಲ್ಲ, ಅಂಥ ತೊಟ್ಟಿಗೆ ಹಾಕುವ ದೀಪವದು. ಯಾರೂ ಕೊಳ್ಳದೆ ಉಳಿದಿತ್ತು, ಅವನೂ ಅದಕ್ಕೊಬ್ಬರು ತಿಳಿದವರು ಬರಲಿ ಅಂತ ಕಾಯುತ್ತಿದ್ದ. ಜೊತೆಗೆ ಗಿಡ ಚಿಗುರಲು ಅಂತ ಒಂದು ಕೆಂಪು-ನೀಲಿ ದೀಪವನ್ನೂ ತಗುಲಿಸಿದ. ಸಾಹೇಬರು ಎದೆ ಉಬ್ಬಿಸಿಕೊಂಡು ಎರಡನ್ನೂ ಹೊತ್ತುಕೊಂಡು ಹೊರಟರು. ಆ ಅಂಗಡಿಯವನ ಮೇಲೂ ನನಗೆ ಗೌರವ ಉಳಿಯಲಿಲ್ಲ, ಆದರೆ ಅವನನ್ನು ದೂರಲೂ ಮನಸ್ಸಾಗಲಿಲ್ಲ.

ಆ ದೀಪ ತೊಟ್ಟಿಗಿಂತ ಉದ್ದ. ಎರಡೂ ಕಡೆ ಗಾಜಿನಾಚೆ ಚಾಚಿಕೊಂಡು, ಗುಬ್ಬಿಗೆ ಕಟ್ಟಿದ ನೊಗದಂತೆ ಕಾಣುತ್ತಿತ್ತು. ಹಾಕಿದ ಕೂಡಲೇ ಕಾಯುವ ಜಾಗ ಆಪರೇಷನ್ ಥಿಯೇಟರ್ ಆಯಿತು. ಬೆಂಚಿನ ಮೇಲೆ ಕೂತವರು ಕಣ್ಣಿಗೆ ಕೈ ಅಡ್ಡ ಹಿಡಿದು ಕೂರುತ್ತಿದ್ದರು. ನನ್ನ ಅಂಗಡಿಯ ಗೋಡೆಯವರೆಗೂ ಬೆಳಕು ಬಂದು, ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದರೆ ಆಗುತ್ತಿರಲಿಲ್ಲ. ಸಾಹೇಬರು ಅದನ್ನು ಊಟದ ಹೊತ್ತಿಗೆ ಆರಿಸುವುದಿರಲಿ, ಅಂಗಡಿ ಮುಚ್ಚಿದ ಮೇಲೂ ಉರಿಯಬಿಟ್ಟು ಹೋಗುತ್ತಿದ್ದರು. “ಬೆಳಕೇ ಅದರ ಊಟ. ಹೊಟ್ಟೆ ತುಂಬಾ ತಿನ್ನಲಿ,” ಅನ್ನುತ್ತಿದ್ದರು.

ಮೊದಲು ಗಾಜಿಗೆ ಕಂದು ಬಣ್ಣದ ಪುಡಿ ಹಿಡಿಯಿತು. ಆಮೇಲೆ ಎಲೆಗಳ ಅಂಚಿಗೆ ಕೂದಲು ಬಂತು. ನಿಜವಾಗಿಯೂ ಕೂದಲೇ, ಹಸಿರು ಕೂದಲು, ದಿನದಿಂದ ದಿನಕ್ಕೆ ಉದ್ದವಾಗುತ್ತಾ ಹೋಯಿತು. ನಾನು ಹೇಳಿದೆ: “ಸಾಹೇಬರೇ, ಪಾಚಿ ಕಟ್ತಿದೆ.”

“ಪಾಚಿ ಅಲ್ಲ ಮೇಡಂ, ಚಿಗುರು. ನಿಮಗೆ ಗೊತ್ತಾಗಲ್ಲ.”

ಚಿಗುರಿಗೆ ಇನ್ನಷ್ಟು ಬಲ ಬರಲಿ ಅಂತ ಕೆಂಪು-ನೀಲಿ ದೀಪವನ್ನೂ ಹಾಕಿದರು. ಕೋಣೆಯೆಲ್ಲ ನೇರಳೆಯಾಯಿತು. ಪಾಸ್‌ಪೋರ್ಟ್ ಫೋಟೋಗೆ ಕೂಸನ್ನು ಎತ್ತಿಕೊಂಡು ಬಂದ ತಾಯಿಯೊಬ್ಬಳು ಬಾಗಿಲಲ್ಲೇ ನಿಂತು, ನೇರಳೆ ಮುಖದ ಸಾಹೇಬರು ಹಲ್ಲು ಕಿರಿದು “ಬನ್ನಿ ಬನ್ನಿ” ಅಂದದ್ದು ನೋಡಿ, ಕೂಸು ಕಿಟಾರನೆ ಕಿರುಚಿದ ಕೂಡಲೇ ತಿರುಗಿ ನನ್ನ ಅಂಗಡಿಗೆ ಬಂದಳು. “ಅಕ್ಕಾ, ಇಲ್ಲಿ ಬೇರೆ ಸ್ಟುಡಿಯೋ ಇಲ್ವಾ?” ನಾನು ದಾರಿ ಹೇಳಿದೆ. ಸುಳ್ಳು ಯಾಕೆ, ಸಂತೋಷದಿಂದಲೇ ಹೇಳಿದೆ.

ಕೊನೆಗೆ ನೀರು ಹಸಿರು ಗಂಜಿಯಂತಾಯಿತು. ಒಳಗೆ ಮೀನು ಇದೆಯೋ ಇಲ್ಲವೋ ತಿಳಿಯಲು ಗಾಜಿಗೆ ಮೂಗು ಒತ್ತಬೇಕಿತ್ತು. ಒಂದೊಂದಾಗಿ ತೇಲಿದವು. ಸಾಹೇಬರು ಪ್ರತಿ ಸಾವಿಗೂ ಬೇರೆ ಬೇರೆಯವರನ್ನು ಹೊಣೆ ಮಾಡಿದರು: ನಲ್ಲಿ ನೀರು, ಅಂಗಡಿಯವನ ಆಹಾರ, ಹೆಂಡತಿ ಬೆರಳು ಅದ್ದಿದ್ದು, ನನ್ನ ಜೆರಾಕ್ಸ್ ಮೆಷಿನ್ನಿನ ಗಾಳಿ. ದೀಪದ ಮೇಲೆ ಮಾತ್ರ ಒಂದು ಸಣ್ಣ ಅನುಮಾನವೂ ಅವರ ಮನಸ್ಸಿನಲ್ಲಿ ಸುಳಿಯಲಿಲ್ಲ.

ಆ ದಿನಗಳಲ್ಲೇ ಅಕ್ಕ ಫೋನ್ ಮಾಡಿ, ತೊಟ್ಟಿಯ ಒಂದು ಫೋಟೋ ಕಳಿಸು, ನೋಡಬೇಕು ಅನ್ನಿಸಿದೆ ಅಂದರು. ಬೇರೆ ಯಾರಾದರೂ ಆಗಿದ್ದರೆ ತಪ್ಪೊಪ್ಪಿಕೊಂಡು ಬೈಸಿಕೊಳ್ಳುತ್ತಿದ್ದರು. ಸಾಹೇಬರು ಫೋಟೋ ತೆಗೆದು ಕಂಪ್ಯೂಟರಿನ ಮುಂದೆ ಕೂತರು. ನೀರನ್ನು ಕನ್ನಡಿಯಷ್ಟು ತಿಳಿ ಮಾಡಿದರು. ಪಾಚಿಯನ್ನು ಅಳಿಸಿ ಎಲೆಗೆ ಹೊಸ ಹಸಿರು ಬಳಿದರು. ಉಳಿದಿದ್ದ ಒಂದೇ ಗಪ್ಪಿಯನ್ನು ಕತ್ತರಿಸಿ, ಎಡಕ್ಕೊಂದು ಬಲಕ್ಕೊಂದು ತಿರುಗಿಸಿ, ದೊಡ್ಡದು ಚಿಕ್ಕದು ಮಾಡಿ ತೊಟ್ಟಿ ತುಂಬಾ ಅಂಟಿಸಿದರು. ಎಲ್ಲ ಮೀನಿನ ಬಾಲವೂ ಒಂದೇ ಜಾಗದಲ್ಲಿ ಹರಿದಿತ್ತು, ಅದು ಅವರಿಗೆ ಹೊಳೆಯಲಿಲ್ಲ. ನನ್ನನ್ನು ಕರೆದು ತೋರಿಸಿ, “ಹೇಗಿದೆ?” ಅಂದರು.

“ತೊಟ್ಟಿಗೆ ಹೊಟ್ಟೆ ತುಂಬಿದ ಹಾಗಿದೆ,” ಅಂದೆ.

ಆ ಫೋಟೋ ಅವರಿಗೇ ಮುಳುವಾಯಿತು. ಮರುದಿನವೇ ಅಕ್ಕನ ಫೋನು. ಸಾಹೇಬರು ಸ್ಪೀಕರಿನಲ್ಲಿ ಹಾಕಿದ್ದರು, ಹೊಗಳಿಕೆ ನಮಗೂ ಕೇಳಲಿ ಅಂತ.

“ಎಷ್ಟೊಂದು ಮರಿ ಹಾಕಿವೆಯಲ್ಲೋ! ಮೊಮ್ಮಗಳಿಗೆ ತೋರಿಸಿದೆ, ಕುಣಿದುಬಿಟ್ಟಳು. ಅವಳಿಗೆ ಆ ಮರಿಗಳು ಬೇಕಂತೆ. ಮುಂದಿನ ತಿಂಗಳು ಮಂಡಿ ತೋರಿಸೋಕೆ ಡಾಕ್ಟರ ಹತ್ತಿರ ಬರ್ತೀನಲ್ಲ, ಅವತ್ತು ಬಂದು ತಗೊಂಡು ಹೋಗ್ತೀನಿ.”

ಸಾಹೇಬರ ಮುಖ ಮೊದಲ ಸಲ ಅವರ ಫೋಟೋಗಳಂತೆ ಬೆಳ್ಳಗಾಯಿತು. ಕೌಂಟರಿನ ಹಿಂದೆ ಕತ್ತರಿ ನಿಂತಿತು. “ಇನ್ನೂ ನಾಲ್ಕು ಮೀನು ಅಂಟಿಸಬೇಕಿತ್ತು ರೀ,” ಅಂದರು ಹೆಂಡತಿ, “ಅವರ ಮನೆಯ ಅಕ್ಕಪಕ್ಕದವರಿಗೂ ಆಗ್ತಿತ್ತು.”

“ಸ್ವಲ್ಪ ತೊಳೆದುಕೊಡೇ, ಕೈ ಮುಗೀತೀನಿ.”

“ನಾನು ಮುಟ್ಟಲ್ಲ. ನಿಮ್ಮ ಚಿಗುರು, ನೀವೇ ಸವರಿ.”

ಅವರೇ ಸವರಿದರು. ಕೊಳೆತು ನಾರುತ್ತಿದ್ದ ಆ ಕಲ್ಲನ್ನು ಗಿಡದ ಸಮೇತ ಕಿತ್ತು, ಪರದೆಯ ಹಿಂದೆ ನೆಲ ಒರೆಸುವ ಬಕೆಟ್ಟಿನಲ್ಲಿ ಮುಳುಗಿಸಿಟ್ಟರು, ಸಂಜೆ ಎಸೆಯೋಣ ಅಂತ. ಎಸೆಯುವುದು ಮರೆತೇ ಹೋಯಿತು. ತೊಟ್ಟಿ ಉಜ್ಜಿ, ಅದೇ ಮೀನಿನ ಅಂಗಡಿಯಿಂದ ಪ್ಲಾಸ್ಟಿಕ್ ಗಿಡ ತಂದು ನೆಟ್ಟರು. ಕೊನೆಯ ಗಪ್ಪಿಯೂ ಅಷ್ಟರಲ್ಲಿ ತೇಲಿತ್ತು, ಹಾಗಾಗಿ ಹೊಸ ಗಪ್ಪಿಗಳನ್ನೂ ತಂದರು. ಅಂಗಡಿಯವನು ಬಾಗಿಲವರೆಗೂ ಬಂದು ಬೀಳ್ಕೊಟ್ಟನಂತೆ. ಬೀಳ್ಕೊಡದೆ ಇರುತ್ತಾನೆಯೇ!

ಅಕ್ಕ ಬಂದ ದಿನ ನಾನು ಅಂಗಡಿ ಬಿಟ್ಟು ಬಾಗಿಲಲ್ಲೇ ನಿಂತಿದ್ದೆ. ಒಂದೊಂದು ಮೆಟ್ಟಿಲಿಗೂ ನಿಂತು, ಕಂಬಿ ಹಿಡಿದು ಹತ್ತಿದರು. ಮೇಲೆ ಬಂದು ಬೆವರು ಒರೆಸಿಕೊಂಡು, ತಮ್ಮ ಕೊಟ್ಟ ಕುರ್ಚಿಯಲ್ಲಿ ಕೂರದೆ ನೇರ ತೊಟ್ಟಿಯ ಮುಂದೆ ಹೋಗಿ ನಿಂತರು. ಆ ದೈತ್ಯ ದೀಪ ಉರಿಯುತ್ತಿತ್ತು. ಪ್ಲಾಸ್ಟಿಕ್ ಎಲೆಗಳು ಹೊಳೆಯುತ್ತಿದ್ದವು.

“ಹೇಗಿದೆ ಅಕ್ಕಾ? ಬೆಳಕು ನೋಡಿದ್ಯಾ?”

ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ನೀರಿಗೆ ಇಳಿಸಿ, ಒಂದು ಗಿಡವನ್ನು ಹಿಡಿದು ಎಳೆದರು. ಬುಡದಲ್ಲಿ ಬಟ್ಟಲಿನಂಥ ಪ್ಲಾಸ್ಟಿಕ್ ತಳ. ಅದನ್ನು ದೀಪಕ್ಕೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ಠಪ್ಪನೆ ಕೌಂಟರಿನ ಮೇಲೆ ಇಟ್ಟರು. ನೀರು ಹಾರಿ ಸಾಹೇಬರ ಅಂಗಿಗೆ ಬಿತ್ತು.

“ಇದಕ್ಕೆ ಈ ದೀಪವಾ?”

“ಅದು... ಅಕ್ಕಾ, ಆ ಗಿಡದ ಜಾತಿಯೇ ಸರಿಯಿರಲಿಲ್ಲ.”

“ಮೀನಿನ ಜಾತಿಯೂ ಸರಿಯಿರಲಿಲ್ಲ ಅನ್ನು. ಇವು ನನ್ನ ಮೀನಲ್ಲ. ನಿನ್ನ ಹೆಂಡ್ತಿಯಾದರೂ ಅವಳೇನಾ, ಅವಳನ್ನೂ ಬದಲಾಯಿಸಿದ್ದೀಯಾ?”

“ನಾನು ಹಳಬಳೇ ಅತ್ತಿಗೆ,” ಅಂದರು ಹೆಂಡತಿ. “ಬದಲಾಯಿಸೋಕೆ ಅಂಗಡಿ ಸಿಕ್ಕಿಲ್ಲ ಅಷ್ಟೇ.” ಆಮೇಲೆ ಎದ್ದು, ಪರದೆಯ ಹಿಂದೆ ಹೋಗಿ ಕೂಗಿದರು: “ರೀ, ಈ ಬಕೆಟ್ ಯಾಕೆ ಇನ್ನೂ ಇಲ್ಲೇ ಇದೆ?”

ಬಕೆಟ್ಟನ್ನು ಬೆಳಕಿಗೆ ಎಳೆದು ತಂದರು. ನಾವು ನಾಲ್ವರೂ ಬಗ್ಗಿ ನೋಡಿದೆವು. ಪರದೆಯ ಹಿಂದೆ ಗೋಡೆಯ ಮೇಲ್ಭಾಗದಲ್ಲಿ ಒಂದು ಕೊಳಕು ಗಾಜಿನ ಕಿಂಡಿ ಇದೆ, ಅಲ್ಲಿಂದ ಬಿದ್ದಷ್ಟೇ ಬೆಳಕು. ಅಷ್ಟರಲ್ಲೇ ಪಾಚಿ ಸತ್ತು ಉದುರಿ ತಳ ಸೇರಿತ್ತು. ಗಿಡದ ಜೊತೆಯಲ್ಲಿ ಎಲ್ಲಿಂದಲೋ ಬಂದ ಪುಟ್ಟ ಬಸವನಹುಳುಗಳು ಎಲೆಗಳನ್ನು ನೆಕ್ಕಿ ನೆಕ್ಕಿ ಚೊಕ್ಕಟ ಮಾಡಿದ್ದವು. ಹಳೇ ಎಲೆಗಳು ತೂತಾಗಿದ್ದವು, ನಿಜ. ಆದರೆ ನಡುವೆ, ಸುರುಳಿ ಬಿಚ್ಚುತ್ತಿದ್ದ ಒಂದು ಹೊಸ ಎಲೆ.

ಸಾಹೇಬರು ತುಂಬಾ ಹೊತ್ತು ಅದನ್ನೇ ನೋಡಿದರು.  ಆಮೇಲೆ, ಕೇಳಬಾರದಿತ್ತು, ಕೇಳಿಯೇಬಿಟ್ಟರು: “ಅಕ್ಕಾ, ಆ ಹಳೇ ದೀಪ ಎಷ್ಟು ವ್ಯಾಟ್? ಹೇಗೆ ಆರಿಸಿಕೊಂಡೆ? ಯಾರು ಹೇಳಿಕೊಟ್ಟರು?”

“ಆರಿಸಿಕೊಳ್ಳೋದಾ?” ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಹೊಲಿಗೆ ಮೆಷಿನ್ ಪಕ್ಕ ಇದ್ದ ದೀಪ ಕಣೋ ಅದು. ಮೆಷಿನ್ ಮಾರಿದೆ, ದೀಪ ಉಳೀತು. ವ್ಯಾಟ್ ಗೀಟ್ ನಂಗೊತ್ತಿಲ್ಲ. ಊಟಕ್ಕೆ ಎದ್ದಾಗ ಫ್ಯಾನು, ಲೈಟು ಎಲ್ಲಾ ಆರಿಸ್ತೀನಿ, ಅದನ್ನೂ ಆರಿಸ್ತಿದ್ದೆ. ಗಿಡ ಬೆಳೀತಿತ್ತು, ಬಿಟ್ಟೆ. ಅದರಲ್ಲಿ ಏನು ವಿದ್ಯೆ ಇದೆ?”

ಬೈದಿದ್ದರೆ ಸಾಹೇಬರು ತಡೆದುಕೊಳ್ಳುತ್ತಿದ್ದರೇನೋ. ತಮಗಿಂತ ದೊಡ್ಡ ಪಂಡಿತರಿಗೆ ಸೋತೆ ಅಂದುಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಅದೂ ಸಿಗಲಿಲ್ಲ. ಪೆಚ್ಚು ಮೋರೆ ಹಾಕಿಕೊಂಡು ಒದ್ದೆ ಅಂಗಿ ಹಿಂಡುತ್ತಾ ನಿಂತರು. ಆ ಒಂದು ಗಳಿಗೆ ನನಗೆ ಅವರನ್ನು ಕಂಡು ಅಯ್ಯೋ ಅನ್ನಿಸಿತು. ಹೆಚ್ಚು ಹೊತ್ತು ಅನ್ನಿಸಲು ಅವರೇ ಬಿಡಲಿಲ್ಲ.

“ಹಾಗಾದ್ರೆ ಈ ದೀಪನೂ ತಗೊಂಡು ಹೋಗು ಅಕ್ಕಾ. ಒಳ್ಳೇ ಮಾಲು. ಅಲ್ಲಿ ಹಾಕು, ಇನ್ನೂ ಚೆನ್ನಾಗಿ ಬೆಳೆಯುತ್ತೆ.”

ಅಕ್ಕ ತಮ್ಮನ ಮುಖವನ್ನು, ವಿಳಾಸ ಸರಿಯಿಲ್ಲದ ಪಾರ್ಸೆಲ್ಲನ್ನು ನೋಡುವ ಹಾಗೆ ನೋಡಿದರು. “ನಿನ್ನ ಹತ್ರನೇ ಇರಲಿ. ಆ ಬಕೆಟ್ ಎತ್ತು, ಕೆಳಗಿನ ತನಕ ಬಾ.”

ಹೊಸ ಗಪ್ಪಿಗಳಲ್ಲಿ ಮೂರ್ನಾಲ್ಕನ್ನು ಕವರಿಗೆ ಹಾಕಿಸಿಕೊಂಡರು, ಮೊಮ್ಮಗಳಿಗೆ ಮಾತು ಕೊಟ್ಟಾಗಿತ್ತಲ್ಲ. ಸಾಹೇಬರು ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಅಕ್ಕನ ತೋಳು ಹಿಡಿದು, ಮೆಟ್ಟಿಲುದ್ದಕ್ಕೂ ನೀರು ಚೆಲ್ಲುತ್ತಾ ಇಳಿದರು. ಚಪ್ಪಲಿ ಅಂಗಡಿಯವನು ಹೊರಗೆ ಬಂದು ಕೈಕಟ್ಟಿ ನೋಡುತ್ತಾ ನಿಂತಿದ್ದ.

ಉಳಿದ ಮೀನುಗಳನ್ನು ಹೆಂಡತಿ ಅಂಗಡಿಗೇ ವಾಪಸ್ ಕೊಟ್ಟು ಬಂದರು. ಮಗಳ ಮನೆಯಲ್ಲಿ ಜಾಗವಿಲ್ಲವೆಂದು ಅಕ್ಕ ಬಿಟ್ಟುಹೋದ ಖಾಲಿ ತೊಟ್ಟಿಯಲ್ಲಿ ಈಗ ಮಾರಾಟಕ್ಕಿಟ್ಟ ಫೋಟೋ ಫ್ರೇಮುಗಳಿವೆ. ಮೇಲೆ ಆ ದೀಪ ಹಗಲೂ ಉರಿಯುತ್ತದೆ. ಫ್ರೇಮುಗಳಿಗೆ ಪಾಚಿ ಕಟ್ಟುವುದಿಲ್ಲವಾದ್ದರಿಂದ ಸಾಹೇಬರು ಅದನ್ನು ತಮ್ಮ ಗೆಲುವು ಅಂತಲೇ ಲೆಕ್ಕ ಹಿಡಿದಿದ್ದಾರೆ. ಗಿರಾಕಿಗಳಿಗೆ, “ನೀರಿನ ಗಿಡಕ್ಕೆ ಬೆಳಕು ಕಡಿಮೆ ಇರಬೇಕು, ಇದು ನಾನು ಪ್ರಯೋಗ ಮಾಡಿ ಕಂಡುಕೊಂಡದ್ದು,” ಅಂತ ಹೇಳುತ್ತಾರೆ. ಕೇಳಿದವರು ತಲೆದೂಗುತ್ತಾರೆ.

ಮೊನ್ನೆ ಅಕ್ಕ ಒಂದು ಫೋಟೋ ಕಳಿಸಿದ್ದರು. ಮಗಳ ಮನೆಯ ಅಡುಗೆಮನೆಯ ಮೂಲೆ, ಒಂದು ಸಾಧಾರಣ ಗಾಜಿನ ಜಾಡಿ, ಅದರೊಳಗೆ ಆ ಕಲ್ಲು, ಕಲ್ಲಿನ ಮೇಲೆ ಕೈತುಂಬ ಎಲೆ. ಸಾಹೇಬರು ಫೋನ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದು, ಬೆರಳಲ್ಲಿ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

“ಫೋಟೋ ಕಪ್ಪು ಬಂದಿದೆ ಮೇಡಂ,” ಅಂದರು. “ಅಕ್ಕನಿಗೆ ಎಷ್ಟು ಹೇಳಿದ್ರೂ ಅಷ್ಟೇ. ಬೆಳಕು ಸಾಲದು.”

ನಾನು ಮೆಷಿನ್ನಿನ ಮುಚ್ಚಳ ಹಾಕಿ, ನನ್ನ ಕೆಲಸ ನೋಡಿಕೊಂಡೆ.